ಬೀಪ್ ಸದ್ದು ಆಫ್ ಮಾಡುವ ಮುಂಚೆ: ನಮ್ಮ ರಸ್ತೆಗಳಲ್ಲಿ ಅಡಾಸ್ ಎಷ್ಟು ನಂಬಬಹುದು?

ಬಳ್ಳಾರಿಯ ಯಾವುದೇ ಕಾರ್ ಶೋರೂಮಿಗೆ ಹೋಗಿ ಟಾಪ್ ಮಾಡೆಲ್ ಮುಂದೆ ನಿಲ್ಲಿ. ಸೇಲ್ಸ್ ಹುಡುಗ ಒಂದು ಮಾತು ಹೇಳಿಯೇ ಹೇಳುತ್ತಾನೆ: "ಇದರಾಗ ಅಡಾಸ್ ಐತ್ರಿ ಸರ್." ಅಂದರೆ ಕ್ಯಾಮೆರಾ, ರೇಡಾರ್‌ನಿಂದ ರಸ್ತೆ ನೋಡಿ ಚಾಲಕನನ್ನು ಎಚ್ಚರಿಸುವ, ಸಹಾಯ ಮಾಡುವ ಸೌಲಭ್ಯಗಳು. ಸನ್‌ರೂಫ್ ಆದಮೇಲೆ ಈಗ ಜನ ಕೇಳುವುದು ಇದನ್ನೇ. ಜಾಸ್ತಿ ದುಡ್ಡು ಕೊಟ್ಟು ತಗೊಳ್ಳುತ್ತಾರೆ. ಒಂದೆರಡು ವಾರ ಓಡಿಸುತ್ತಾರೆ. ಆಮೇಲೆ ಮಗನನ್ನೋ ಅಳಿಯನನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಸ್ಕ್ರೀನಿನಲ್ಲಿ ಮೆನು ಹುಡುಕಿ, ಒಂದೊಂದಾಗಿ ಎಲ್ಲವನ್ನೂ ಆಫ್ ಮಾಡಿಸುತ್ತಾರೆ.

ಇದಕ್ಕೆ ಪೂರ್ತಿ ಉಲ್ಟಾ ಇರುವವರೂ ಇದ್ದಾರೆ. ಕೊಪ್ಪಳದಿಂದ ಹೊಸಪೇಟೆಗೆ ಹೋಗುವ ನಾಲ್ಕು ಪಥದ ರಸ್ತೆ ಸಿಕ್ಕರೆ ಸಾಕು, ಸ್ಟೀರಿಂಗ್‌ನಿಂದ ಎರಡೂ ಕೈ ತೆಗೆದು ರೀಲ್ಸ್ ಮಾಡುತ್ತಾರೆ. "ನೋಡ್ರಪ್ಪಾ, ಗಾಡಿ ತಾನಾ ಹೊಂಟೈತಿ" ಅನ್ನುತ್ತಾರೆ.

ಕಾರು ಒಂದೇ, ಸೌಲಭ್ಯ ಒಂದೇ. ಒಬ್ಬರಿಗೆ ಅದು ತಲೆನೋವು, ಇನ್ನೊಬ್ಬರಿಗೆ ಡ್ರೈವರ್ ಕೆಲಸ ಮಾಡುವ ಯಂತ್ರ. ತಾನಾಗಿ ಓಡುವ ಸೌಲಭ್ಯಗಳನ್ನು ಜನ ಯಾಕೆ ಬಳಸುತ್ತಾರೆ, ಯಾಕೆ ಬಿಡುತ್ತಾರೆ ಅನ್ನುವುದರ ಮೇಲೆ ಹೊರದೇಶಗಳಲ್ಲಿ ತುಂಬಾ ಅಧ್ಯಯನ ಆಗಿದೆ. ಅದನ್ನು ನಮ್ಮ ಎರೆಭೂಮಿಯ ರಸ್ತೆಗೆ ತಂದು ನೋಡಿದರೆ ನನಗೆ ಎದ್ದು ಕಾಣುವುದು ಒಂದೇ ವಿಷಯ: ಜನ ಇಷ್ಟಪಟ್ಟು ತೋರಿಸುವ ಸೌಲಭ್ಯ ಒಂದು, ಜೀವ ಉಳಿಸುವ ಸೌಲಭ್ಯ ಇನ್ನೊಂದು. ಆಫ್ ಮಾಡುವಾಗ ಎರಡನ್ನೂ ಸೇರಿಸಿ ಆಫ್ ಮಾಡುತ್ತಾರೆ. ನಂಬುವಾಗಲೂ ಎರಡನ್ನೂ ಸೇರಿಸಿ ನಂಬುತ್ತಾರೆ.

ಹೆಸರು ಒಂದು, ಸೌಲಭ್ಯ ಹಲವು

ಅಡಾಸ್ ಅಂದರೆ ಒಂದು ಬಟನ್ ಅಲ್ಲ. ಚಾಲಕನಿಗೆ ಸಹಾಯ ಮಾಡುವ ಹಲವು ಸೌಲಭ್ಯಗಳಿಗೆ ಒಟ್ಟಾಗಿ ಇಟ್ಟ ಹೆಸರು ಅದು. ಕೆಲವು ಬರೀ ಎಚ್ಚರಿಸುತ್ತವೆ: ಲೇನ್ ದಾಟಿದರೆ ಬೀಪ್, ಪಕ್ಕದಲ್ಲಿ ಕನ್ನಡಿಗೆ ಕಾಣದ ಜಾಗದಲ್ಲಿ ಬೈಕ್ ಬಂದರೆ ಕನ್ನಡಿಯಲ್ಲಿ ದೀಪ. ಕೆಲವು ತಾವೇ ಕೆಲಸ ಮಾಡುತ್ತವೆ. ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಮುಂದಿನ ಗಾಡಿಯ ವೇಗ ನೋಡಿಕೊಂಡು ನಮ್ಮ ಗಾಡಿಯ ವೇಗ ಏರಿಸುತ್ತದೆ, ಇಳಿಸುತ್ತದೆ. ಲೇನ್ ಕೀಪ್ ಅಸಿಸ್ಟ್ ಸ್ಟೀರಿಂಗನ್ನು ಸ್ವಲ್ಪ ಎಳೆದು ಗಾಡಿಯನ್ನು ಗೆರೆಗಳ ನಡುವೆ ಇಡುತ್ತದೆ. ಇನ್ನೊಂದು ಎಮರ್ಜೆನ್ಸಿ ಬ್ರೇಕ್. ಇದು ಇಡೀ ದಿನ ಸುಮ್ನೆ ಇರುತ್ತದೆ. ಗುದ್ದುವುದು ಖಚಿತ ಅನಿಸಿದಾಗ, ಚಾಲಕ ಬ್ರೇಕ್ ಒತ್ತದೇ ಇದ್ದರೆ, ತಾನೇ ಒತ್ತುತ್ತದೆ.

ಭಾರತದಲ್ಲಿ ಇವು ಬಂದು ಬಹಳ ವರ್ಷ ಆಗಿಲ್ಲ. 2020ರಲ್ಲಿ ಎಂಜಿ ಗ್ಲಾಸ್ಟರ್, 2021ರಲ್ಲಿ ಮಹೀಂದ್ರಾ ಎಕ್ಸ್‌ಯುವಿ 700 ಬಂದಾಗ ಇದು ದೊಡ್ಡ ಗಾಡಿಗಳ ವಿಷಯ ಆಗಿತ್ತು. 2024ರ ಕೊನೆಗೆ ಹೊಂಡಾ ಅಮೇಜ್‌ನಂಥ ಚಿಕ್ಕ ಸೆಡಾನಿಗೂ ಬಂತು. ಹಾಗಾಗಿ ಈಗ ಸಿಂಧನೂರಿನ ರೈಸ್ ಮಿಲ್ ಮಾಲೀಕರಷ್ಟೇ ಅಲ್ಲ, ಸಾಲ ಮಾಡಿ ಮೊದಲ ಕಾರು ತಗೊಳ್ಳುವ ಮೇಷ್ಟ್ರು ಕೂಡ ಈ ಬೀಪ್ ಕೇಳುತ್ತಿದ್ದಾರೆ.

ಜಾಹೀರಾತುಗಳಲ್ಲಿ "ಲೆವೆಲ್ 2" ಅಂತ ಬರುತ್ತದಲ್ಲ, ಅದನ್ನು ಸರಿಯಾಗಿ ತಿಳಿದುಕೊಳ್ಳಬೇಕು. ವಾಹನ ಇಂಜಿನಿಯರುಗಳ ಸಂಘಟನೆಯಾದ ಎಸ್‌ಎಇ 2014ರಲ್ಲಿ ಸೊನ್ನೆಯಿಂದ 5ರ ತನಕ ಆರು ಹಂತ ಮಾಡಿತು. ಸೊನ್ನೆಯಲ್ಲಿ ಗಾಡಿ ಹೆಚ್ಚೆಂದರೆ ಎಚ್ಚರಿಸುತ್ತದೆ, ಇಲ್ಲವೇ ಒಂದು ಕ್ಷಣ ಬ್ರೇಕ್ ಹಾಕುತ್ತದೆ. 1ರಲ್ಲಿ ವೇಗವನ್ನೋ ಸ್ಟೀರಿಂಗನ್ನೋ, ಎರಡರಲ್ಲಿ ಒಂದನ್ನು ನೋಡಿಕೊಳ್ಳುತ್ತದೆ. 2ರಲ್ಲಿ ಎರಡನ್ನೂ. ಆದರೆ ಕಣ್ಣು ರಸ್ತೆ ಮೇಲೆ ಇಡಬೇಕಾದವನು ಚಾಲಕನೇ. 3ಕ್ಕೆ ಹೋದಾಗ ಮಾತ್ರ, ಕಂಪನಿ ಹೇಳಿದ ರಸ್ತೆಯಲ್ಲಿ, ಹೇಳಿದ ವೇಗದ ಒಳಗೆ, ಗಾಡಿಯೇ ರಸ್ತೆ ನೋಡುತ್ತದೆ. ಜರ್ಮನಿಯಲ್ಲಿ ಮರ್ಸಿಡಿಸ್ ಇಂಥ ವ್ಯವಸ್ಥೆಗೆ 2021ರ ಡಿಸೆಂಬರಿನಲ್ಲಿ ಅನುಮತಿ ಪಡೆಯಿತು. ಆಗ ಅದರ ಮಿತಿ ಗಂಟೆಗೆ 60 ಕಿಲೋಮೀಟರ್. ಅದೂ ಆಟೋಬಾನ್ ಅನ್ನುವ ಅಲ್ಲಿನ ಹೆದ್ದಾರಿಯಲ್ಲಿ! 4ರಲ್ಲಿ ಗೊತ್ತುಪಡಿಸಿದ ಪ್ರದೇಶದೊಳಗೆ ಮನುಷ್ಯನ ಅಗತ್ಯವೇ ಇಲ್ಲ. 5 ಎಲ್ಲ ರಸ್ತೆಗೂ, ಎಲ್ಲ ಹವೆಗೂ. ಅದು ಇನ್ನೂ ಎಲ್ಲೂ ಇಲ್ಲ.

ನಮ್ಮಲ್ಲಿ ಜನ ಕೊಳ್ಳುವುದು 1 ಮತ್ತು 2. ಅಂದರೆ ಇವು ಯಾವುವೂ ತಾನಾಗಿ ಓಡುವ ಕಾರುಗಳಲ್ಲ. ಶೋರೂಮಿನಲ್ಲಿ ಇದನ್ನು ಬಿಡಿಸಿ ಹೇಳುವವರು ಕಮ್ಮಿ. ಹೇಳಿದರೆ ಮಾರಾಟಕ್ಕೆ ಮಜಾ ಇರುವುದಿಲ್ಲ, ಅಲ್ವಾ?

ಗಾಡಿ ಏನನ್ನು ನೋಡುತ್ತದೆ

ಒಳಗಿನ ಕನ್ನಡಿಯ ಹಿಂದೆ, ಮುಂದಿನ ಗಾಜಿಗೆ ಅಂಟಿಕೊಂಡಂತೆ ಒಂದು ಕ್ಯಾಮೆರಾ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಮುಂದಿನ ಬಂಪರಿನಲ್ಲೋ ಕಂಪನಿ ಲೋಗೋ ಹಿಂದೆಯೋ ಒಂದು ರೇಡಾರ್ ಇರುತ್ತದೆ. ಕೆಲವು ಕಾರುಗಳಲ್ಲಿ ಕ್ಯಾಮೆರಾ ಮಾತ್ರ. ಕ್ಯಾಮೆರಾ ಗೆರೆ, ಮನುಷ್ಯ, ಬೈಕು, ಲಾರಿ ಅಂತ ಗುರುತಿಸುತ್ತದೆ. ರೇಡಾರ್ ರೇಡಿಯೋ ಅಲೆ ಬಿಟ್ಟು, ಅದು ಬಡಿದು ವಾಪಸ್ ಬರುವುದನ್ನು ಅಳೆದು, ಎದುರಿಗಿರುವುದು ಎಷ್ಟು ದೂರ, ಎಷ್ಟು ವೇಗದಲ್ಲಿ ಹತ್ತಿರ ಬರುತ್ತಿದೆ ಅಂತ ಲೆಕ್ಕ ಹಾಕುತ್ತದೆ.

ರೇಡಾರಿಗೆ ಚಲಿಸುವ ವಸ್ತು ಸುಲಭ. ನಿಂತ ವಸ್ತು ಕಷ್ಟ. ರಸ್ತೆ ಬದಿಯ ಬೋರ್ಡು, ಸೇತುವೆ, ಕಬ್ಬಿಣದ ತಡೆಗೋಡೆ ಎಲ್ಲವೂ ಅಲೆಯನ್ನು ವಾಪಸ್ ಕಳಿಸುತ್ತವೆ. ಎಲ್ಲಕ್ಕೂ ಬ್ರೇಕ್ ಹಾಕುತ್ತಾ ಹೋದರೆ ಗಾಡಿ ಮುಂದೆ ಹೋಗುವುದೇ ಇಲ್ಲ. ಅದಕ್ಕೆ ಹಲವು ವ್ಯವಸ್ಥೆಗಳು ಜೋರು ವೇಗದಲ್ಲಿ ಇರುವಾಗ, ನಿಂತ ವಸ್ತುಗಳಿಂದ ಬರುವ ಸಂಕೇತಗಳಿಗೆ ಕಡಿಮೆ ಬೆಲೆ ಕೊಡುವಂತೆ ಮಾಡಿರುತ್ತಾರೆ. ಕ್ಯಾಮೆರಾ ಜೊತೆಗೂಡಿ ಈ ಕೊರತೆಯನ್ನು ಸ್ವಲ್ಪ ತುಂಬುತ್ತದೆ. ಪೂರ್ತಿ ಅಲ್ಲ.

ಈಗ ನಮ್ಮ ಹೆದ್ದಾರಿಗಳಲ್ಲಿ ರಾತ್ರಿ ಹೊತ್ತು ಅತಿ ದೊಡ್ಡ ಅಪಾಯ ಯಾವುದು ನೆನಪಿಸಿಕೊಳ್ಳಿ. ಟಯರ್ ಪಂಕ್ಚರ್ ಆಗಿ, ಹಿಂದೆ ಕೆಂಪು ದೀಪ ಇಲ್ಲದೆ, ನಾಲ್ಕು ಕಲ್ಲು ಇಟ್ಟು ನಿಲ್ಲಿಸಿದ ಲಾರಿ. ತೋರಣಗಲ್ಲು ಸುತ್ತಮುತ್ತ ಅದಿರು ಲಾರಿಗಳ ನಡುವೆ ಓಡಾಡುವವರಿಗೆ, ಕುಷ್ಟಗಿ ಕಡೆಯಿಂದ ಹೊಸಪೇಟೆಗೆ ರಾತ್ರಿ ಬರುವವರಿಗೆ ಇದು ಹೊಸದಲ್ಲ. ಯಂತ್ರ ತಡಬಡಾಯಿಸುವುದು ಇಲ್ಲೇ. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಚಾಲಕ ನೋಡಿ, ಅರ್ಥ ಮಾಡಿಕೊಂಡು, ಬ್ರೇಕಿಗೆ ಕಾಲಿಡಲು ಒಂದೂವರೆ ಸೆಕೆಂಡ್ ಅಂತ ಇಟ್ಟುಕೊಂಡರೂ 33 ಮೀಟರ್ ಆಗಲೇ ಮುಗಿದಿರುತ್ತದೆ. ಗಾಡಿ ನೋಡಿಕೊಳ್ಳುತ್ತದೆ ಅಂತ ಮೊಬೈಲ್ ಕಡೆ ಒಮ್ಮೆ ಕಣ್ಣು ಹೊರಳಿಸಿದರೆ ಲೆಕ್ಕ ಇನ್ನೂ ಕೆಡುತ್ತದೆ.

ಕ್ಯಾಮೆರಾಗೆ ಬೇರೆ ಕಷ್ಟಗಳಿವೆ. ಲೇನ್ ಹಿಡಿಯಲು ಅದಕ್ಕೆ ಗೆರೆ ಬೇಕು. ಸಿಂಧನೂರು, ಸಿರುಗುಪ್ಪ, ಗಂಗಾವತಿ ಕಡೆ ನೆಲ ಎರೆಮಣ್ಣು. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಮೇಲಿನ ಡಾಂಬರು ಅಲೆಅಲೆಯಾಗುತ್ತದೆ, ಅಂಚು ಒಡೆಯುತ್ತದೆ. ಅಂಚೇ ಇಲ್ಲದ ಮೇಲೆ ಅಂಚಿನ ಬಿಳಿ ಗೆರೆ ಎಲ್ಲಿಂದ ಬರಬೇಕು? ಉಳಿದ ಕಡೆ ಬಳ್ಳಾರಿ ಜಾಲಿ ರಸ್ತೆಗೆ ಬಾಗಿಕೊಂಡು ಗೆರೆ ಮುಚ್ಚಿರುತ್ತದೆ. ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ, ಸುತ್ತ ಕಲ್ಲು ಇಟ್ಟಿರುತ್ತಾರೆ. ರಸ್ತೆ ಅಗಲ ಮಾಡುವ ಕೆಲಸ ನಡೆಯುವಲ್ಲಿ ಹಳೇ ಗೆರೆ ಒಂದು ಕಡೆ, ಹೊಸ ಗೆರೆ ಇನ್ನೊಂದು ಕಡೆ. ಯಾವುದನ್ನು ನಂಬಬೇಕು ಅಂತ ಮನುಷ್ಯರಿಗೇ ಗೊತ್ತಾಗುವುದಿಲ್ಲ.

ಗುರುತಿಸುವುದನ್ನು ಕಲಿಸುವುದೂ ಒಂದು ಕೆಲಸ. ಈ ಕ್ಯಾಮೆರಾಗಳ ಹಿಂದಿನ ಸಾಫ್ಟ್‌ವೇರು ಲಕ್ಷಾಂತರ ಚಿತ್ರ ನೋಡಿ ಕಲಿಯುತ್ತದೆ. ಯುರೋಪಿನ ಬೀದಿಗಳ ಚಿತ್ರಗಳಲ್ಲಿ ಟಂಟಂ ಇರುವುದಿಲ್ಲ, ಎಮ್ಮೆ ಹಿಂಡು ಇರುವುದಿಲ್ಲ. ಇದನ್ನು ಗಮನಿಸಿಯೇ ಹೈದರಾಬಾದಿನ ಐಐಐಟಿ ಅನ್ನುವ ತಂತ್ರಜ್ಞಾನ ಸಂಸ್ಥೆ ಮತ್ತು ಚಿಪ್ ಕಂಪನಿ ಇಂಟೆಲ್ ಸೇರಿ ಭಾರತದ ರಸ್ತೆಗಳದ್ದೇ ಒಂದು ಚಿತ್ರಸಂಗ್ರಹ ಮಾಡಿದವು. ಬೆಂಗಳೂರು, ಹೈದರಾಬಾದ್ ಮತ್ತು ಅವುಗಳ ಹೊರವಲಯದಲ್ಲಿ ತೆಗೆದ ಸುಮಾರು 10,000 ಚಿತ್ರಗಳು. ಅದರಲ್ಲಿ ಆಟೋ ರಿಕ್ಷಾಗೆ, ಪ್ರಾಣಿಗಳಿಗೆ ಬೇರೆ ಬೇರೆ ಗುರುತು ಕೊಟ್ಟಿದ್ದಾರೆ. ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಗುರುತು: ರಸ್ತೆಯಲ್ಲ, ಆದರೆ ಬೇಕಾದರೆ ಗಾಡಿ ಇಳಿಸಬಹುದಾದ ಮಣ್ಣಿನ ಅಂಚು. ಎದುರಿಗೆ ಬಸ್ಸು ಬಂದಾಗ ನಾವೆಲ್ಲ ಒಂದು ಚಕ್ರ ಇಳಿಸುವ ಜಾಗ ಅದು. ಆ ಜಾಗಕ್ಕೂ ಕಂಪ್ಯೂಟರಿನಲ್ಲಿ ಒಂದು ಹೆಸರು ಬಂತು ಅನ್ನುವುದು ಸಣ್ಣ ವಿಷಯವಲ್ಲ.

ರೇಡಾರ್ ಬಗ್ಗೆ ಒಂದು ಮಾತು ಉಳಿದಿದೆ. ಆಯುಧಪೂಜೆ ದಿನ ಗಾಡಿ ಮುಂದೆ ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಲೋಗೋಗೆ ವಿಭೂತಿ ಕುಂಕುಮ ಹಚ್ಚುತ್ತೇವೆ. ಬಾಳೆಕಂದಿನ ತುಂಬಾ ನೀರು. ರೇಡಾರ್ ಅಲೆಗೆ ನೀರು ದೊಡ್ಡ ಅಡ್ಡಿ. ಆಮೇಲೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಉರಿದರೆ ಗಾಡಿ ಕೆಟ್ಟಿಲ್ಲ. ಪೂಜೆ ಮಾಡಿ, ಓಡಿಸುವ ಮುಂಚೆ ಮುಂದಿನದನ್ನೆಲ್ಲ ಬಿಚ್ಚಿ ಒರೆಸಿದರೆ ಸಾಕು. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸುವ ಚಾಳಿ ಮಾತ್ರ ಪೂರ್ತಿ ಬಿಡಬೇಕು. ಅದರ ವಿರುದ್ಧ ಕೇಂದ್ರ ಸರ್ಕಾರ 2017ರಲ್ಲೇ ಆದೇಶ ಕೊಟ್ಟಿದೆ. ಅಡಾಸ್ ಗಾಡಿಗಂತೂ ಅದು ಕಣ್ಣಿಗೆ ಕಟ್ಟಿದ ಬಟ್ಟೆ.

ಆಫ್ ಮಾಡುವವರ ಕಾರಣಗಳು

ಅಮೆರಿಕದಲ್ಲಿ ವಿಮಾ ಕಂಪನಿಗಳ ಹಣದಿಂದ ನಡೆಯುವ ಐಐಎಚ್‌ಎಸ್ ಅನ್ನುವ ರಸ್ತೆ ಸುರಕ್ಷತಾ ಸಂಸ್ಥೆ ಇದೆ. ಸರ್ವಿಸಿಗೆ ಬಂದ ಕಾರುಗಳಲ್ಲಿ ಯಾವ ಸೌಲಭ್ಯ ಆನ್ ಇದೆ, ಯಾವುದು ಆಫ್ ಇದೆ ಅಂತ ಅವರು ಸುಮ್ನೆ ಹೋಗಿ ನೋಡಿದರು. ಜನರನ್ನು ಕೇಳಿದರೆ ಏನಾದರೂ ಹೇಳುತ್ತಾರೆ, ಗಾಡಿ ಸುಳ್ಳು ಹೇಳುವುದಿಲ್ಲ. 2017ರಲ್ಲಿ ಬಂದ ಲೆಕ್ಕ ಹೀಗಿತ್ತು: ಮುಂದೆ ಗುದ್ದುವುದನ್ನು ತಪ್ಪಿಸುವ ಸೌಲಭ್ಯ 93 ಶೇಕಡ ಕಾರುಗಳಲ್ಲಿ ಆನ್ ಇತ್ತು. ಲೇನ್ ನೋಡಿಕೊಳ್ಳುವ ಸೌಲಭ್ಯ 51 ಶೇಕಡದಲ್ಲಿ ಮಾತ್ರ. ಬೀಪ್ ಮಾಡುವ ವ್ಯವಸ್ಥೆಗಿಂತ ಸ್ಟೀರಿಂಗನ್ನೋ ಸೀಟನ್ನೋ ನಡುಗಿಸಿ ಎಚ್ಚರಿಸುವ ವ್ಯವಸ್ಥೆಯನ್ನು ಜನ ಜಾಸ್ತಿ ಆನ್ ಇಟ್ಟುಕೊಂಡಿದ್ದರು.

ಚೆನ್ನಾಗಿ ಗೆರೆ ಎಳೆದ ರಸ್ತೆಗಳ ದೇಶದಲ್ಲೇ ಅರ್ಧ ಜನ ಲೇನ್ ಎಚ್ಚರಿಕೆ ಆಫ್ ಮಾಡಿದ್ದಾರೆ ಅಂದರೆ ಮಸ್ಕಿ ರಸ್ತೆಯಲ್ಲಿ ಆಫ್ ಮಾಡುವವರನ್ನು ಬೈಯುವುದು ಸರಿಯಲ್ಲ. ಇಲ್ಲಿ ಎಚ್ಚರಿಕೆ ಸದ್ದು ಬರುವುದು ತಪ್ಪು ಮಾಡಿದಾಗಲ್ಲ, ಸರಿಯಾಗಿ ಓಡಿಸಿದಾಗ. ಗುಂಡಿ ತಪ್ಪಿಸಿದರೆ ಬೀಪ್. ಕುರಿ ಹಿಂಡಿಗೆ ಜಾಗ ಬಿಟ್ಟರೆ ಬೀಪ್. ಎರಡೂ ಕಡೆ ಹುಲ್ಲು ಚಾಚಿಕೊಂಡ ಟ್ರ್ಯಾಕ್ಟರ್ ದಾಟಿದರೆ ಬೀಪ್. ತೋಳ ಬಂತು ತೋಳ ಕಥೆಯ ಹುಡುಗನ ಹಾಗೆ, ದಿನಕ್ಕೆ ನೂರು ಸಲ ಕೂಗಿದರೆ ನಿಜವಾದ ಕೂಗಿಗೂ ಯಾರೂ ತಿರುಗಿ ನೋಡುವುದಿಲ್ಲ.

ಯಂತ್ರದ ಸಹಾಯವನ್ನು ಜನ ಒಪ್ಪುವುದು ಯಾವಾಗ ಅನ್ನುವುದಕ್ಕೆ 1989ರಿಂದ ಒಂದು ಸರಳ ವಿವರಣೆ ಚಾಲ್ತಿಯಲ್ಲಿದೆ. ಆಫೀಸಿನ ಕಂಪ್ಯೂಟರುಗಳ ಕಾಲದಲ್ಲಿ ಹುಟ್ಟಿದ್ದು ಅದು. ಎರಡೇ ಪ್ರಶ್ನೆ: ಇದರಿಂದ ನನಗೆ ಉಪಯೋಗ ಇದೆಯಾ? ಬಳಸುವುದು ಸುಲಭವಾ? ಕಾರಿನ ವಿಷಯಕ್ಕೆ ಬಂದಾಗ ಸಂಶೋಧಕರು ಮೂರನೆಯದನ್ನು ಸೇರಿಸಿದರು. ನಂಬಿಕೆ. ನಮ್ಮ ಕಡೆಗೆ ನಾಲ್ಕನೆಯದೂ ಒಂದಿದೆ ಅಂತ ನನ್ನ ಅನಿಸಿಕೆ: ಜೊತೆಗೆ ಕೂತವರು ಏನಂದುಕೊಳ್ಳುತ್ತಾರೆ?

ಯಾಕೆಂದರೆ ಇಲ್ಲಿ ಟಾಪ್ ಮಾಡೆಲ್ ಕಾರನ್ನು ಎಷ್ಟೋ ಸಲ ಓಡಿಸುವುದು ಮಾಲೀಕರಲ್ಲ, ಸಂಬಳದ ಡ್ರೈವರ್. ಹಿಂದಿನ ಸೀಟಿನಲ್ಲಿ ಸಾವ್ಕಾರರು ಕೂತಿರುತ್ತಾರೆ. ಗಾಡಿ ಕೀಂ ಅಂದರೆ ಅವರ ಕಣ್ಣು ಮೊಬೈಲಿನಿಂದ ಮೇಲೇಳುತ್ತದೆ. "ಏನಾತಲೇ?" "ಏನಿಲ್ರಿ ಸಾವ್ಕಾರ್ರ, ಗಾಡೀನ ಸುಮ್ಮನ ಕೂಗತೈತ್ರಿ." ಮೂರು ಸಲ ಹೀಗಾದರೆ ಡ್ರೈವರ್ ಅದನ್ನು ಆಫ್ ಮಾಡುತ್ತಾನೆ. ಅವನ ಕಡೆಯಿಂದ ನೋಡಿದರೆ ಅದು ಎಚ್ಚರಿಕೆಯ ಸದ್ದಲ್ಲ, ಧಣಿಗೆ ಹೇಳುವ ದೂರು. ಇಪ್ಪತ್ತು ವರ್ಷ ಸ್ಟೀರಿಂಗ್ ಹಿಡಿದವನ ಮರ್ಯಾದೆ ಪ್ರಶ್ನೆ. ಸೀಟು ನಡುಗಿಸಿ ಎಚ್ಚರಿಸಿದರೆ ಜನ ಆನ್ ಇಟ್ಟುಕೊಳ್ಳುತ್ತಾರೆ ಅನ್ನುವ ಅಮೆರಿಕದ ಲೆಕ್ಕ ಇಲ್ಲಿಗೂ ಹೊಂದುತ್ತದೆ. ನಡುಕ ಗೊತ್ತಾಗುವುದು ಓಡಿಸುವವನಿಗೆ ಮಾತ್ರ.

ಕೆಲಸ ಹೋಗುವ ಭಯವೂ ಮಾತಿನಲ್ಲಿ ಬರುತ್ತದೆ. ಇದು ಬರೀ ಗಾಳಿಮಾತಲ್ಲ. ಚಾಲಕರಿಲ್ಲದ ಕಾರುಗಳಿಗೆ ಭಾರತದಲ್ಲಿ ಅವಕಾಶ ಕೊಡುವುದಿಲ್ಲ, ಅದು ಉದ್ಯೋಗ ಕಿತ್ತುಕೊಳ್ಳುತ್ತದೆ ಅಂತ ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ 2017ರಲ್ಲೇ ಹೇಳಿದ್ದರು, ಆಮೇಲೆ ಮತ್ತೆಯೂ ಹೇಳಿದ್ದಾರೆ. ಆದರೆ ಲೆವೆಲ್ 2 ಗಾಡಿ ಯಾವ ಡ್ರೈವರ್ ಕೆಲಸವನ್ನೂ ತೆಗೆಯುವುದಿಲ್ಲ. ಡ್ರೈವರ್ ಇಲ್ಲದೆ ಅದು ಹೊರಡುವುದೇ ಇಲ್ಲ.

ಇನ್ನೊಂದು ಕಾರಣ ಹಿಂದಿನಿಂದ ಬರುವವರು. ಕ್ರೂಸ್ ಹಾಕಿದರೆ ಗಾಡಿ ಮುಂದಿನ ಗಾಡಿಯಿಂದ ಒಂದಿಷ್ಟು ಅಂತರ ಬಿಡುತ್ತದೆ. ನಮ್ಮಲ್ಲಿ ಅಂತರ ಅಂದರೆ ಖಾಲಿ ಜಾಗ, ಖಾಲಿ ಜಾಗ ಅಂದರೆ ಯಾರಾದರೂ ನುಗ್ಗಲು ಆಹ್ವಾನ. ಬೈಕ್ ನುಗ್ಗುತ್ತದೆ, ಗಾಡಿ ಬ್ರೇಕ್ ಹಾಕುತ್ತದೆ, ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಾನೆ. "ಗಾಡಿ ತಾನೇ ಬ್ರೇಕ್ ಹಾಕಿದರೆ ಹಿಂದಿನವನು ಬಂದು ಗುದ್ದುತ್ತಾನಲ್ಲ?" ಅಂತ ಕೇಳುವವರ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಸುಲಭದ ಉತ್ತರ ಇಲ್ಲ. ಅಂಥ ಬ್ರೇಕ್ ತೀರಾ ಅಪರೂಪಕ್ಕೆ ಬೀಳಬೇಕು, ಬಿದ್ದಾಗ ಅದಕ್ಕೆ ಕಾರಣ ಇರಬೇಕು. ಕಂಪನಿಗಳು ಇಲ್ಲಿನ ರಸ್ತೆಗೆ ತಕ್ಕಂತೆ ಇನ್ನೂ ತಿದ್ದಬೇಕಾದ ಜಾಗ ಇದು.

ಜಾಸ್ತಿ ನಂಬುವವರ ಕಷ್ಟ

ಭಾರತದಲ್ಲಿ ಹುಟ್ಟಿದ ಮನಃಶಾಸ್ತ್ರಜ್ಞ ರಾಜಾ ಪರಸುರಾಮನ್ ಮತ್ತು ವಿಕ್ಟರ್ ರೈಲಿ 1997ರಲ್ಲಿ ಒಂದು ಲೇಖನ ಬರೆದರು. ಯಂತ್ರದ ಸಹಾಯವನ್ನು ಮನುಷ್ಯ ಬೇಕಾದಾಗ ಬಳಸದೇ ಬಿಡುವುದು ಒಂದು ತಪ್ಪಾದರೆ, ಅದರ ಶಕ್ತಿ ಮೀರಿ ಅದನ್ನು ನಂಬುವುದು ಇನ್ನೊಂದು ತಪ್ಪು ಅಂತ ಅವರು ಬಿಡಿಸಿ ತೋರಿಸಿದರು. ವಿಮಾನದ ಪೈಲಟ್‌ಗಳಲ್ಲಿ ಕಂಡದ್ದು ಈಗ ಕಾರಿಗೂ ಬಂದಿದೆ.

ಎರಡನೇ ತಪ್ಪು ಸೋಮಾರಿತನದಿಂದ ಆಗುವುದಲ್ಲ. ನಮ್ಮ ಮಿದುಳೇ ಹಾಗಿದೆ. ಎರಡನೇ ಮಹಾಯುದ್ಧದಲ್ಲಿ ರೇಡಾರ್ ಪರದೆ ನೋಡುತ್ತಾ ಕೂರುವ ಸೈನಿಕರು ಸ್ವಲ್ಪ ಹೊತ್ತಾದ ಮೇಲೆ ಕಣ್ಣೆದುರಿನ ಗುರುತನ್ನೂ ತಪ್ಪಿಸುತ್ತಿದ್ದರು. ಬ್ರಿಟನ್ನಿನ ನಾರ್ಮನ್ ಮ್ಯಾಕ್‌ವರ್ತ್ ಇದನ್ನು ಪರೀಕ್ಷಿಸಿದರು. ಗಡಿಯಾರದಂಥ ಒಂದು ಮುಳ್ಳು. ಅದು ಒಂದೊಂದೇ ಹೆಜ್ಜೆ ಹೋಗುತ್ತದೆ, ಅಪರೂಪಕ್ಕೊಮ್ಮೆ ಎರಡು ಹೆಜ್ಜೆ ಹಾರುತ್ತದೆ. ಹಾರಿದಾಗ ಹೇಳಬೇಕು, ಅಷ್ಟೇ. ಅರ್ಧ ಗಂಟೆಯೊಳಗೆ ಜನರ ಗಮನ ಕುಸಿಯುತ್ತಿತ್ತು. 1948ರಲ್ಲಿ ಇದು ಪ್ರಕಟವಾಯಿತು. ಮಾಡಲು ಕೆಲಸ ಇಲ್ಲದೆ ಬರೀ ಕಾಯುತ್ತಾ ಇರು ಅಂದರೆ ಮನುಷ್ಯನಿಂದ ಆಗುವುದಿಲ್ಲ ಅನ್ನುವುದು ಆಗಲೇ ಗೊತ್ತಾಗಿತ್ತು.

ಲೆವೆಲ್ 2 ಗಾಡಿ ಚಾಲಕನಿಗೆ ಕೊಡುವುದು ಇದೇ ಕೆಲಸವನ್ನು. ವೇಗ ನಾನು ನೋಡಿಕೊಳ್ಳುತ್ತೇನೆ, ಸ್ಟೀರಿಂಗ್ ನಾನು ನೋಡಿಕೊಳ್ಳುತ್ತೇನೆ, ನೀನು ಕಾಯುತ್ತಾ ಇರು. ಏಪ್ರಿಲ್ ತಿಂಗಳ ರಾಯಚೂರಿನ ಬಿಸಿಲು, ಹೊಟ್ಟೆ ತುಂಬಾ ಜೋಳದ ರೊಟ್ಟಿ, ಏಸಿ ತಂಪು, ನೇರ ರಸ್ತೆ. ಕಣ್ಣು ಮುಚ್ಚಲು ಇನ್ನೇನು ಬೇಕು? ಸ್ಟೀರಿಂಗ್ ಮೇಲೆ ಕೈ ಇಡು ಅಂತ ಗಾಡಿ ಆಗಾಗ ಜ್ಞಾಪಿಸುವುದು ಇದಕ್ಕೇ. ನೀರಿನ ಬಾಟಲಿ ಸಿಕ್ಕಿಸಿ ಅದನ್ನು ಮೋಸ ಮಾಡುವ ವಿಡಿಯೋಗಳಿವೆ. ಅದನ್ನು ನೋಡಿ ಕಲಿಯುವವರಿಗೆ ಹೇಳುವುದೇನೂ ಇಲ್ಲ.

2018ರ ಮಾರ್ಚಿನಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿಯಲ್ಲಿ ಉಬರ್ ಕಂಪನಿಯ ಪರೀಕ್ಷಾ ಕಾರು, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಗುದ್ದಿತು. ಅವರು ತೀರಿಕೊಂಡರು. ತನಿಖೆಯಲ್ಲಿ ಹೊರಬಂದ ವಿವರ ನಮ್ಮ ಕಡೆಯವರು ಓದಲೇಬೇಕಾದದ್ದು. ಯಂತ್ರ ಅವರನ್ನು ನೋಡಿರಲಿಲ್ಲ ಅಂತಲ್ಲ. ಗುದ್ದುವ 5.6 ಸೆಕೆಂಡ್ ಮುಂಚೆಯೇ ನೋಡಿತ್ತು. ಆದರೆ ಒಮ್ಮೆ ವಾಹನ ಅಂದಿತು, ಒಮ್ಮೆ ಬೇರೇನೋ ಅಂದಿತು, ಒಮ್ಮೆ ಸೈಕಲ್ ಅಂದಿತು. ಪ್ರತಿ ಸಲ ಹೊಸದಾಗಿ ಲೆಕ್ಕ ಶುರು ಮಾಡಿತು. ಜೀಬ್ರಾ ಪಟ್ಟೆ ಇಲ್ಲದ ಕಡೆ ಮನುಷ್ಯ ರಸ್ತೆ ದಾಟಬಹುದು ಅನ್ನುವ ವಿಚಾರವೇ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಕಾವಲಿಗೆ ಕೂತಿದ್ದ ಚಾಲಕಿ ಫೋನಿನಲ್ಲಿ ವಿಡಿಯೋ ನೋಡುತ್ತಿದ್ದರು. ಆ ಕಾರು ತಯಾರಿಸಿದ ವೋಲ್ವೊ ಕಂಪನಿಯೇ ಕೊಟ್ಟಿದ್ದ ಎಮರ್ಜೆನ್ಸಿ ಬ್ರೇಕನ್ನು, ಕಂಪ್ಯೂಟರ್ ಓಡಿಸುವಾಗ ಆಫ್ ಆಗಿರುವಂತೆ ಉಬರ್‌ನವರು ಮಾಡಿದ್ದರು.

ಅದು ಪರೀಕ್ಷೆಯ ಗಾಡಿ, ಶೋರೂಮಿನ ಗಾಡಿಯಲ್ಲ. ಆದರೂ ಜೀಬ್ರಾ ಪಟ್ಟೆ ಇಲ್ಲದೆ ದಾಟುವ ಮಾತು ನನ್ನನ್ನು ಬಿಡುವುದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಗೆ ರಾತ್ರಿಯಿಡೀ ನಡೆದು ಬರುವ ಜನ, ಹೆದ್ದಾರಿ ಪಕ್ಕದ ಮನೆಯಿಂದ ನೀರಿಗೆ ಆಚೆ ಹೋಗುವ ಹೆಂಗಸರು, ಬಸ್ಸಿಳಿದು ಓಡುವ ಮಕ್ಕಳು, ಇವರು ಯಾವ ಪಟ್ಟೆ ಹುಡುಕುತ್ತಾರೆ?

2016ರಲ್ಲಿ ಫ್ಲಾರಿಡಾದಲ್ಲಿ ಟೆಸ್ಲಾ ಕಾರೊಂದು ಆಟೋಪೈಲಟ್ ಅನ್ನುವ ಅದರ ಲೆವೆಲ್ 2 ವ್ಯವಸ್ಥೆಯಲ್ಲಿ ಹೋಗುತ್ತಾ, ಅಡ್ಡ ತಿರುಗುತ್ತಿದ್ದ ದೊಡ್ಡ ಲಾರಿಯ ಕೆಳಗೆ ನುಗ್ಗಿತು. ಚಾಲಕ ಉಳಿಯಲಿಲ್ಲ. ಹೆದ್ದಾರಿಯ ಡಿವೈಡರ್ ಸಂದಿಯಿಂದ ಟ್ರ್ಯಾಕ್ಟರ್ ಅಡ್ಡ ಬರುವುದು ನಮಗೆ ನಿತ್ಯದ ನೋಟ.

ಹಾಗಾದರೆ ಯಾವುದನ್ನು ಇಟ್ಟುಕೊಳ್ಳಬೇಕು?

ನಾನು ಮೊದಲೇ ಹೇಳಿದ ಮಾತಿಗೆ ಬರುತ್ತೇನೆ. ಐಐಎಚ್‌ಎಸ್ ಲೆಕ್ಕದಲ್ಲಿ, ಮುಂದಿನ ಗಾಡಿಗೆ ಹಿಂದಿನಿಂದ ಗುದ್ದುವ ಅಪಘಾತ ಎಚ್ಚರಿಕೆ ಸದ್ದು ಮಾತ್ರ ಇರುವ ಕಾರುಗಳಲ್ಲಿ 27 ಶೇಕಡ ಕಮ್ಮಿ. ತಾನೇ ಬ್ರೇಕ್ ಹಾಕುವ ಕಾರುಗಳಲ್ಲಿ 50 ಶೇಕಡ ಕಮ್ಮಿ. ಅಂದರೆ ಅರ್ಧಕ್ಕರ್ಧ. ವೇಗ ಮತ್ತು ಸ್ಟೀರಿಂಗ್ ಎರಡನ್ನೂ ನೋಡಿಕೊಳ್ಳುವ ಸೌಲಭ್ಯದಿಂದ ಅಪಘಾತ ಕಡಿಮೆಯಾಗುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಸಿಗುತ್ತಿಲ್ಲ, ಅದು ಆರಾಮಿನ ಸೌಲಭ್ಯ, ಸುರಕ್ಷತೆಯದ್ದಲ್ಲ ಅಂತ ಅದೇ ಸಂಸ್ಥೆ 2024ರಲ್ಲಿ ಹೇಳಿತು. ರೀಲ್ಸ್‌ನಲ್ಲಿ ಬರುವುದು ಈ ಆರಾಮಿನ ಸೌಲಭ್ಯ. ತಾನೇ ಬೀಳುವ ಬ್ರೇಕ್ ರೀಲ್ಸ್‌ಗೆ ಬರುವುದಿಲ್ಲ, ಯಾಕೆಂದರೆ ಅದು ಕೆಲಸ ಮಾಡಿದಾಗ ನೋಡಲು ಏನೂ ಇರುವುದಿಲ್ಲ. ಗುದ್ದಲಿಲ್ಲ, ಅಷ್ಟೇ.

2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಜನ ಸತ್ತರು. ಅದರಲ್ಲಿ ನೂರಕ್ಕೆ 44ಕ್ಕಿಂತ ಹೆಚ್ಚು ಮಂದಿ ಬೈಕ್, ಸ್ಕೂಟರ್ ಮೇಲಿದ್ದವರು. ಕಾರಿನ ಬ್ರೇಕ್ ಒಂದು ಸೆಕೆಂಡ್ ಮುಂಚೆ ಬಿದ್ದರೆ ಉಳಿಯುವವನು ಕಾರಿನೊಳಗೇ ಇರಬೇಕು ಅಂತಿಲ್ಲ.

ಹಾಗಾಗಿ ನನ್ನ ಮಾತು ಕೇಳುವುದಾದರೆ, ಎಮರ್ಜೆನ್ಸಿ ಬ್ರೇಕ್ ಎಲ್ಲ ರಸ್ತೆಯಲ್ಲೂ ಆನ್ ಇರಲಿ. ಗಂಗಾವತಿ ಪೇಟೆಯಲ್ಲೂ, ಬಳ್ಳಾರಿ ಮೋತಿ ಸರ್ಕಲಿನಲ್ಲೂ. ಜಾಸ್ತಿ ಕೂಗುತ್ತದೆ ಅನಿಸಿದರೆ ಆಫ್ ಮಾಡಬೇಡಿ. ಎಷ್ಟು ಮುಂಚೆ ಎಚ್ಚರಿಸಬೇಕು ಅನ್ನುವ ಆಯ್ಕೆ ಹಲವು ಕಾರುಗಳಲ್ಲಿದೆ, ಅದನ್ನು ತಡವಾಗಿ ಅನ್ನುವುದಕ್ಕೆ ಬದಲಿಸಿ. ಕನ್ನಡಿಗೆ ಕಾಣದ ಜಾಗಕ್ಕೆ ಎಚ್ಚರಿಸುವ ಬ್ಲೈಂಡ್ ಸ್ಪಾಟ್ ದೀಪವೂ ಇರಲಿ, ಅದರಿಂದ ಯಾರಿಗೂ ತೊಂದರೆ ಇಲ್ಲ.

ಅಡಾಪ್ಟಿವ್ ಕ್ರೂಸನ್ನು ಡಿವೈಡರ್ ಇರುವ ನಾಲ್ಕು ಪಥದ ರಸ್ತೆಗೆ ಇಟ್ಟುಕೊಳ್ಳಿ. ಹಗಲು ಹೊತ್ತು, ಗಾಡಿಗಳು ಕಮ್ಮಿ ಇದ್ದಾಗ, ಊರು ಬರುವ ತನಕ. ಅಂಥ ರಸ್ತೆಯಲ್ಲಿ ಕಾರಿಗೆ ಇರುವ ಮಿತಿ ಗಂಟೆಗೆ 100 ಕಿಲೋಮೀಟರ್. ಅದಕ್ಕಿಂತ ಮೇಲೆ ಸೆಟ್ ಮಾಡಿದರೆ ಗಾಡಿ ಬೇಡ ಅನ್ನುವುದಿಲ್ಲ, ಆದರೆ ದಂಡ ಕಟ್ಟುವವರು ನೀವು. ಇದರ ಒಂದು ಒಳ್ಳೆಯ ಗುಣ ಯಾರೂ ಹೇಳುವುದಿಲ್ಲ: ಕಾಲಿಗೆ ಆರಾಮ ಸಿಕ್ಕಿದ ಮೇಲೆ ಓವರ್‌ಟೇಕ್ ಮಾಡುವ ಆತುರ ಕಮ್ಮಿಯಾಗುತ್ತದೆ.

ಲೇನ್ ಕೀಪ್ ಅಸಿಸ್ಟ್ ಅನ್ನು ಎರಡು ಪಥದ ರಸ್ತೆಯಲ್ಲಿ ಆಫ್ ಮಾಡಿದರೆ ನಾನು ತಪ್ಪು ಅನ್ನುವುದಿಲ್ಲ. ಬಳ್ಳಾರಿಯಿಂದ ಸಿರುಗುಪ್ಪ ಮೇಲೆ ಸಿಂಧನೂರಿಗೆ ಹೋಗುವಾಗ ಎಮ್ಮೆಗೆ ದಾರಿ ಬಿಡಲು ಬಲಕ್ಕೆ ತಿರುಗಿಸಿದರೆ, ಸ್ಟೀರಿಂಗ್ ಎಡಕ್ಕೆ ಎಳೆಯುವುದು ಯಾರಿಗೂ ಬೇಡ. ಆದರೆ ಒಂದು ವಿಷಯ. ಇಂಡಿಕೇಟರ್ ಹಾಕಿದರೆ ಈ ವ್ಯವಸ್ಥೆ ಸುಮ್ಮನಾಗುತ್ತದೆ. ಬೇಕೆಂದೇ ಲೇನ್ ಬಿಡುತ್ತಿದ್ದಾರೆ ಅಂತ ಅದಕ್ಕೆ ಗೊತ್ತಾಗುತ್ತದೆ. ನಾವು ಇಂಡಿಕೇಟರನ್ನು ಮದುವೆ ಮೆರವಣಿಗೆಗೆ ಇಟ್ಟುಕೊಂಡಿದ್ದೇವೆ. ಅಭ್ಯಾಸ ಮಾಡಿಕೊಂಡರೆ ಲೇನಿನ ಕಿರಿಕಿರಿಯಲ್ಲಿ ದೊಡ್ಡ ಪಾಲು ಅಲ್ಲೇ ಮುಗಿಯುತ್ತದೆ.

ಸಂಬಳದ ಡ್ರೈವರ್ ಇದ್ದರೆ ಡೆಲಿವರಿ ದಿನ ಅವನನ್ನೂ ಶೋರೂಮಿಗೆ ಕರೆದುಕೊಂಡು ಹೋಗಿ. ಮಾಲೀಕರಿಗೆ ಹೇಳಿಕೊಟ್ಟು ಕಳಿಸಿದರೆ ಓಡಿಸುವವನಿಗೆ ಏನೂ ಗೊತ್ತಾಗುವುದಿಲ್ಲ. ಬೀಪ್ ಬಂದರೆ ನಿನ್ನ ತಪ್ಪು ಅಂತ ಅರ್ಥ ಅಲ್ಲ ಅಂತ ಮಾಲೀಕರ ಬಾಯಿಂದಲೇ ಹೇಳಿಸುವುದು ಇನ್ನೂ ಒಳ್ಳೆಯದು. ಈ ಮಾತು ಮುಂದೆ ಬಸ್ಸು ಲಾರಿಗಳವರಿಗೂ ಬೇಕಾಗುತ್ತದೆ. ದೊಡ್ಡ ವಾಹನಗಳಲ್ಲಿ ಎಮರ್ಜೆನ್ಸಿ ಬ್ರೇಕ್, ಲೇನ್ ಎಚ್ಚರಿಕೆ, ಚಾಲಕನಿಗೆ ತೂಕಡಿಕೆ ಬಂದರೆ ಎಚ್ಚರಿಸುವ ವ್ಯವಸ್ಥೆ ಕಡ್ಡಾಯ ಮಾಡುವ ಕರಡನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರಲ್ಲಿ ಹೊರಡಿಸಿತು. ಅವು ಬಂದಾಗ ಆಫ್ ಬಟನ್ ಹುಡುಕುವ ಕೆಲಸ ಡಿಪೋದಲ್ಲೂ ಶುರುವಾಗುತ್ತದೆ.

ಕಾರು ತಗೊಳ್ಳುವ ಮುಂಚೆ ಕೇಳಬೇಕಾದ ಪ್ರಶ್ನೆಗಳಲ್ಲಿ ಎರಡು ಮುಖ್ಯ. ಟೆಸ್ಟ್ ಡ್ರೈವ್‌ಗೆ ಊರೊಳಗೆ ಒಂದು ಸುತ್ತು ಸಾಲದು, ನೀವು ದಿನಾ ಓಡಾಡುವ ರಸ್ತೆಗೇ ಕರೆದುಕೊಂಡು ಹೋಗು ಅನ್ನಿ. ಎರಡನೆಯದು ಗಾಜಿನ ವಿಷಯ. ಅದಿರು ಲಾರಿ ಹಿಂದೆ ಓಡಿಸುವವರ ಮುಂದಿನ ಗಾಜಿಗೆ ಕಲ್ಲು ಬಡಿಯುವುದು ಮಾಮೂಲು. ಅಡಾಸ್ ಕಾರಿನಲ್ಲಿ ಗಾಜು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಅಳತೆಗೆ ಕೂರಿಸಬೇಕು, ಅದಕ್ಕೆ ಬೇರೆ ಉಪಕರಣ ಬೇಕು. ಕ್ಯಾಮೆರಾ ಸ್ವಲ್ಪ ಓರೆಯಾದರೂ ದೂರದ ಲೆಕ್ಕ ತಪ್ಪುತ್ತದೆ. ಆ ಕೆಲಸ ನಿಮ್ಮ ಊರಿನ ಸರ್ವಿಸ್ ಸೆಂಟರಿನಲ್ಲೇ ಆಗುತ್ತದಾ, ಹುಬ್ಬಳ್ಳಿಗೋ ಬೆಂಗಳೂರಿಗೋ ಒಯ್ಯಬೇಕಾ, ಅದರ ಖರ್ಚು ಇನ್ಶೂರೆನ್ಸ್‌ನಲ್ಲಿ ಸೇರಿದೆಯಾ ಅಂತ ಬುಕಿಂಗ್ ಮಾಡುವ ಮುಂಚೆಯೇ ಕೇಳಿ, ಉತ್ತರವನ್ನು ಬರೆಸಿಕೊಳ್ಳಿ.